ಬ್ರಷ್ ಬರಹದ ಫಾಂಟು: ಬೋರ್ಡಿಗೆ ಎಷ್ಟು, ಲೇಬಲ್ಲಿಗೆ ಎಷ್ಟು?

ಪ್ರಶ್ನೆ: ನಮಸ್ಕಾರ್ರೀ. ಕಲಬುರಗ್ಯಾಗ ನಮ್ಮ ಹೆಣ್ಮಕ್ಕಳ ಸಂಘದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರತೀವಿ. ಈಗ ಸೂಪರ್ ಮಾರ್ಕೆಟ್ ಕಡೆ ಒಂದು ಸಣ್ಣ ಅಂಗಡಿ ಹಿಡದೀವಿ. ಹೆಸರು 'ತವರಿನ ರೊಟ್ಟಿ'. ಬೋರ್ಡ್, ಪ್ಯಾಕೆಟ್ ಲೇಬಲ್, ರೇಟ್ ಕಾರ್ಡ್, ವಾಟ್ಸ್ಆ್ಯಪ್‌ಗೆ ಹಾಕೋ ಚಿತ್ರ, ಎಲ್ಲಾದಕ್ಕೂ ಬ್ರಷ್‌ಲೆ ಬರದಂಗ ಕಾಣೋ ಫಾಂಟೇ ಇರಲಿ ಅಂತ ನಮ್ಮೆಲ್ಲಾರ ಆಸೆ. ಮಗ ಲ್ಯಾಪ್‌ಟಾಪ್‌ನ್ಯಾಗ ಒಂದು ಹಾಕಿ ತೋರಿಸ್ದ, ಭಾಳ ಚಂದ ಕಂಡ್ತು. ಅದನ್ನ ಬೋರ್ಡ್ ಮಾಡೋ ಅಂಗಡಿಗೆ ಕಳಿಸಿದ್ರ 'ಟ್ಟಿ' ಒಡದು ಬ್ಯಾರೆ ಬ್ಯಾರೆ ಆಗಿ ಬಂತು. ಲೇಬಲ್ ಮಾಡಿಸಿದ್ರ ಅಕ್ಷರ ಎಲ್ಲಾ ಮುದ್ದಿ ಆದ್ವು. ತಪ್ಪು ಫಾಂಟಿಂದೋ, ನಮ್ದೋ? ಬೋರ್ಡಿನ್ಯಾಗ ಉರ್ದುನೂ ಇಂಗ್ಲಿಷೂ ಬರಬೇಕು. ಹೆಂಗ ಮಾಡಬೇಕು, ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಬಂದಿವೆ. 'ಟ್ಟಿ' ಒಡೆದದ್ದು ಸಾಫ್ಟ್‌ವೇರಿನ ತೊಂದರೆ, ಅದಕ್ಕೂ ಫಾಂಟಿನ ಚೆಲುವಿಗೂ ಸಂಬಂಧವಿಲ್ಲ. ಲೇಬಲ್ ಮುದ್ದೆಯಾದದ್ದು ಅಳತೆಯ ತೊಂದರೆ. ಎಲ್ಲದಕ್ಕೂ ಒಂದೇ ಫಾಂಟು ಬೇಕೆಂಬುದು ಮೂರನೆಯದು, ನನ್ನ ಪ್ರಕಾರ ಇವುಗಳಲ್ಲಿ ದೊಡ್ಡದೂ ಅದೇ. ಬ್ರಷ್ ಬರಹದ ಫಾಂಟು ಅಂಗಡಿಯ ಹೆಸರಿಗೆ, ಹೆಚ್ಚೆಂದರೆ ಅದರ ಪಕ್ಕದ 'ಇಂದಿನ ಬಿಸಿ ರೊಟ್ಟಿ'ಯಂಥ ಎರಡು ಮೂರು ಪದಕ್ಕೆ ಸಾಕು. ತೂಕ, ದರ, ವಿಳಾಸ, ಫೋನ್ ನಂಬರಿಗೆ ಸಾದಾ ಫಾಂಟೇ ಬೇಕು. ಹೀಗೆ ಹಂಚಿಕೊಂಡರೆ ಉಳಿದ ಕೆಲಸ ಅರ್ಧ ಹಗುರ.

ಮೊದಲು ಈ ಜಾತಿಯ ಅಕ್ಷರದ ಸ್ವಭಾವ ನೋಡೋಣ. ಬ್ರಷ್ ಹಿಡಿದು ವೇಗವಾಗಿ ಬರೆದಾಗ ಗೆರೆ ಒಂದೇ ದಪ್ಪ ಇರುವುದಿಲ್ಲ. ಒತ್ತಿದಲ್ಲಿ ಹರಡುತ್ತದೆ, ಎತ್ತುವಾಗ ಚೂಪಾಗುತ್ತದೆ, ಬಣ್ಣ ಕಡಿಮೆಯಾದಾಗ ತುದಿಯಲ್ಲಿ ಕೂದಲು ಕೂದಲಾಗಿ ಬಿಡುತ್ತದೆ. ಇದನ್ನು ಅಚ್ಚಿನ ಅಕ್ಷರಕ್ಕೆ ಇಳಿಸುವ ಪ್ರಯತ್ನ ಇಂಗ್ಲಿಷಿನಲ್ಲಿ ಹಳೆಯದು. ರಾಬರ್ಟ್ ಸ್ಮಿತ್ ಅವರ 'ಬ್ರಷ್ ಸ್ಕ್ರಿಪ್ಟ್' 1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್‌ನಿಂದ ಬಂತು. ಫ್ರಾನ್ಸಿನ ರೋಜೆ ಎಕ್ಸ್‌ಕೊಫೊನ್ ಅವರ 'ಮಿಸ್ಟ್ರಾಲ್' 1953ರದು. ಅಂಗಡಿ, ಹೋಟೆಲ್, ಜಾಹೀರಾತುಗಳಲ್ಲಿ ಇವು ಇವತ್ತಿಗೂ ಕಾಣುತ್ತವೆ. ಇವುಗಳಲ್ಲಿ ಒಂದಕ್ಷರದ ಬಾಲ ಮುಂದಿನ ಅಕ್ಷರಕ್ಕೆ ಕೂಡಿಕೊಳ್ಳುತ್ತದೆ, ಕೈ ಎತ್ತದೆ ಬರೆದಂತೆ ಕಾಣುವುದು ಆ ಕೂಡಿಕೆಯಿಂದಲೇ.

ಕನ್ನಡಕ್ಕೆ ಆ ಉಪಾಯ ನಡೆಯುವುದಿಲ್ಲ. ನಮ್ಮ ಅಕ್ಷರಗಳು ಬಿಡಿ ಬಿಡಿಯಾಗಿ ನಿಲ್ಲುತ್ತವೆ. ಇಂಗ್ಲಿಷಿನ ರೂಢಿ ನೋಡಿ ಬಲವಂತವಾಗಿ 'ತ'ದ ಬಾಲವನ್ನು 'ವ'ಕ್ಕೆ ಅಂಟಿಸಿದರೆ ಓದುವವರಿಗೆ ಅದು ಒತ್ತಕ್ಷರವೋ ದೀರ್ಘವೋ ಎಂಬ ಗೊಂದಲ ಹುಟ್ಟುತ್ತದೆ. ಕನ್ನಡದಲ್ಲಿ ಕೈಬರಹದ ಜೀವ ಬರುವುದು ಬೇರೆ ಕಡೆಯಿಂದ: ತಲೆಕಟ್ಟು ಯಾವ ಕೋನದಲ್ಲಿ ಬಿದ್ದಿದೆ, ಗುಡಿಸು ಎಷ್ಟು ಸಡಿಲವಾಗಿ ಸುತ್ತಿದೆ, ಒತ್ತಕ್ಷರ ಬುಡದಿಂದ ಹೇಗೆ ಜಾರಿ ಇಳಿದಿದೆ. ಕಂಪನಿ ನಾಟಕದ ಹಳೆಯ ಗೋಡೆ ಬರಹಗಳನ್ನು ನೆನೆಸಿಕೊಳ್ಳಿ. ಅಲ್ಲಿ ಮೂಲ ಅಕ್ಷರಗಳು ಗಟ್ಟಿಯಾಗಿ ಸಾಲಾಗಿ ನಿಂತಿರುತ್ತವೆ, ಕುಣಿತವೆಲ್ಲ ಮೇಲಿನ ತಲೆಕಟ್ಟಿನಲ್ಲಿ, ಕೆಳಗಿನ ಒತ್ತಿನಲ್ಲಿ. ಅದು ಕನ್ನಡದ ಬ್ರಷ್ ಬರಹದ ಒಳ್ಳೆಯ ವ್ಯಾಕರಣ, ಫಾಂಟನ್ನೂ ಅದೇ ಅಳತೆಗೋಲಿನಿಂದ ನೋಡಬೇಕು.

ಹಾಗಾಗಿ ಫಾಂಟನ್ನು ಅದರ ಮಾದರಿ ಚಿತ್ರ ನೋಡಿ ಆರಿಸಬೇಡಿ. ಮಾದರಿಯಲ್ಲಿ ಇರುವುದು ತಯಾರಿಸಿದವರು ಚೆನ್ನಾಗಿ ಕೂರಿಸಿದ ಪದಗಳು. ನೀವು ಬರೆಯಬೇಕಾದ ಪದಗಳನ್ನೇ ಟೈಪ್ ಮಾಡಿ: ತವರಿನ ರೊಟ್ಟಿ, ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಲಬುರಗಿ. ಇವುಗಳ ಜೊತೆಗೆ ಫಾಂಟಿನ ಬಲ ಪರೀಕ್ಷಿಸಲು ಶ್ರೀ, ಸ್ತ್ರೀ, ರಾಷ್ಟ್ರ, ಜ್ಞಾನ, ಕ್ಷಮೆ, ವರ್ಷ, ಹೃದಯ. 'ಸ್ತ್ರೀ', 'ಷ್ಟ್ರ'ದಲ್ಲಿ ಎರಡು ಒತ್ತು ಬರುತ್ತವೆ, ಕಳಪೆ ಫಾಂಟು ಅಲ್ಲೇ ಸಿಕ್ಕಿಬೀಳುತ್ತದೆ: ಎರಡನೆಯ ಒತ್ತು ಮೊದಲನೆಯದರ ಮೇಲೆ ಹತ್ತಿ ಕೂರುತ್ತದೆ. 'ವರ್ಷ'ದ ಅರ್ಕಾವತ್ತು ಬ್ರಷ್ ಬರಹದಲ್ಲಿ ಕನ್ನಡದ ೯ರಂತೆ ಬೇರೆಯಾಗಿ ನಿಂತಿದ್ದರೆ ಆ ಫಾಂಟು ಬೇಡ. ₹ ಚಿಹ್ನೆ ಹಾಕಿ ನೋಡಿ. ಅದು ಬಂದದ್ದೇ 2010ರಲ್ಲಿ, ಹಳೆಯ ಫಾಂಟುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ.

ದಪ್ಪ ಬ್ರಷ್ ಅಕ್ಷರದಲ್ಲಿ ಕೆಲವು ಜೋಡಿಗಳು ಒಂದೇ ಆಗಿಬಿಡುತ್ತವೆ. ದ–ಧ, ಡ–ಢ, ಬ–ಭ, ಪ–ಫ ಇವುಗಳ ವ್ಯತ್ಯಾಸ ಇರುವುದು ಹೊಟ್ಟೆ ಸೀಳಿನಲ್ಲಿ. ಗೆರೆ ದಪ್ಪವಾದಷ್ಟು ಆ ಸೀಳು ಮುಚ್ಚುತ್ತದೆ. ರ–ಠದ ನಡುವೆ ಇರುವುದು ಒಂದು ಚುಕ್ಕೆ, ಅದು ಸುತ್ತಿನ ಗೋಡೆಗೆ ತಾಗಿದರೆ ಠ ಹೋಗಿ ಕಪ್ಪು ಉಂಡೆ ಉಳಿಯುತ್ತದೆ. ಪ–ಷ ಜೋಡಿಯಲ್ಲಿ ಒಳಗಿನ ಓರೆ ಗೆರೆ ತೆಳುವಾಗಿರುತ್ತದೆ, ದೂರಕ್ಕೆ ಮಾಯ. 'ವು' ಮತ್ತು 'ಮ' ಕೂಡ ಹೀಗೆ: 'ವು'ವಿನ ಕೊಂಬು ಸ್ವಲ್ಪ ಕೆಳಗಿಳಿದು ಹೊರಡದಿದ್ದರೆ ಓದುಗ 'ಮ' ಎಂದೇ ಓದುತ್ತಾನೆ. ನಿಮ್ಮ ಹೆಸರಿನಲ್ಲಿ ಮಹಾಪ್ರಾಣವಿಲ್ಲ, ಅದು ಅದೃಷ್ಟ. 'ಖಡಕ್'ನ ಖ ಮಾತ್ರ ನೋಡಿಕೊಳ್ಳಬೇಕು.

ಉಚಿತವಾಗಿ ಸಿಗುವವುಗಳಲ್ಲಿ ಮೊದಲು ನೋಡಬೇಕಾದದ್ದು ಗೂಗಲ್ ಫಾಂಟ್ಸ್‌ನಲ್ಲಿರುವ 'ಅಕಾಯ ಕನಡಕ'. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ್ದು. ಒಂದೇ ತೂಕದಲ್ಲಿ, ಅಂದರೆ ಗೆರೆಯ ಒಂದೇ ದಪ್ಪದಲ್ಲಿ ಬರುತ್ತದೆ, ಸಡಿಲ ಕೈಬರಹದ ಲಯವಿದೆ, ದೊಡ್ಡ ಅಕ್ಷರಕ್ಕೆಂದೇ ಮಾಡಿದ್ದು. ಇನ್ನೂ ದುಂಡಗೆ, ಗಟ್ಟಿಯಾಗಿ ಬೇಕಿದ್ದರೆ ಏಕ್ ಟೈಪ್ ತಂಡದ 'ಬಲೂ ತಮ್ಮ 2'. ಅದು ಬ್ರಷ್ ಬರಹವಲ್ಲ, ಆದರೆ ಅದೇ ಸಲಿಗೆಯ ದನಿ, ಜೊತೆಗೆ ಐದು ತೂಕಗಳಿವೆ. ಸಣ್ಣ ಅಕ್ಷರಕ್ಕೆ ಇದೇ ತಂಡದ 'ಅನೇಕ್ ಕನ್ನಡ' ಅಥವಾ 'ನೋಟೊ ಸಾನ್ಸ್ ಕನ್ನಡ' ಇಟ್ಟುಕೊಳ್ಳಿ. ಅನೇಕ್‌ನಲ್ಲಿ ಅಗಲವನ್ನೂ ಕಡಿಮೆ ಮಾಡಿಕೊಳ್ಳಬಹುದು, ಕಿರಿದಾದ ಲೇಬಲ್ಲಿಗೆ ಅದು ದೊಡ್ಡ ಅನುಕೂಲ. ಈ ನಾಲ್ಕೂ ಓಪನ್ ಫಾಂಟ್ ಲೈಸನ್ಸ್ ಅಡಿಯಲ್ಲಿ ಇವೆ: ವ್ಯಾಪಾರಕ್ಕೆ ಬಳಸಬಹುದು, ಅಚ್ಚು ಹಾಕಿಸಬಹುದು, ಯಾರಿಗೂ ಹಣ ಕೊಡಬೇಕಿಲ್ಲ. ಫಾಂಟನ್ನೇ ಒಂಟಿಯಾಗಿ ಮಾರುವಂತಿಲ್ಲ, ಅಷ್ಟೆ. ಬೇರೆ ಕಡೆಯಿಂದ ಇಳಿಸಿಕೊಂಡ ಫಾಂಟಿನ ಜೊತೆ 'ಸ್ವಂತ ಬಳಕೆಗೆ ಮಾತ್ರ' ಎಂದು ಬರೆದಿದ್ದರೆ ಮಾರಾಟದ ಲೇಬಲ್ಲಿಗೆ ಅದನ್ನು ಹಾಕಬೇಡಿ.

ಇನ್ನು 'ಟ್ಟಿ' ಒಡೆದ ಕಥೆ. ಕಲಬುರಗಿಯಾಗಲಿ ಬೇರೆ ಊರಾಗಲಿ, ಬೋರ್ಡ್ ಮಾಡುವ ಬಹಳ ಅಂಗಡಿಗಳಲ್ಲಿ ಕೆಲಸ ನಡೆಯುವುದು ಚಿತ್ರ ಬಿಡಿಸುವ ಸಾಫ್ಟ್‌ವೇರಾದ ಕೋರೆಲ್‌ಡ್ರಾದಲ್ಲಿ, ಅದೂ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ. ಆ ಹಳೆಯ ಪದ್ಧತಿಯಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ನಿಮ್ಮ ಮಗ ಬಳಸಿದ್ದು ಯೂನಿಕೋಡ್. ಅಲ್ಲಿ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ, 'ಟ್ಟಿ' ಎಂಬುದು ಟ, ವಿರಾಮ, ಟ, ಗುಡಿಸು ಎಂಬ ನಾಲ್ಕು ಸಂಕೇತಗಳ ಸಾಲಾಗಿ ಉಳಿದಿರುತ್ತದೆ. ಇವನ್ನು ಕೂಡಿಸಿ ಒಂದು ಅಕ್ಷರ ಮಾಡುವ ನಿಯಮಗಳು ಫಾಂಟಿನೊಳಗೆ ಇರುತ್ತವೆ, ಆ ನಿಯಮಗಳನ್ನು ಓದುವ ಶಕ್ತಿ ಸಾಫ್ಟ್‌ವೇರಿಗೆ ಬೇಕು. ಹಳೆಯ ಆವೃತ್ತಿಗಳಿಗೆ ಅದಿಲ್ಲ. ಆದ್ದರಿಂದ ಟ, ಅರ್ಧ ಟ, ಗುಡಿಸು ಎಲ್ಲ ಬೇರೆ ಬೇರೆ ನಿಂತವು. ಫೋಟೊಶಾಪ್‌ನ ಕೆಲವು ಆವೃತ್ತಿಗಳಲ್ಲಿಯೂ ಟೈಪ್ ಆದ್ಯತೆಗಳಿಗೆ ಹೋಗಿ 'ವರ್ಲ್ಡ್ ರೆಡಿ ಲೇಔಟ್' ಆರಿಸದಿದ್ದರೆ ಇದೇ ಗತಿ.

ಇದಕ್ಕೆ ಪರಿಹಾರ, ಅಂಗಡಿಗೆ ಪಠ್ಯ ಕಳಿಸುವುದನ್ನೇ ಬಿಡುವುದು. ಆಕೃತಿ ಕಳಿಸಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರು ಉಚಿತ, ಕನ್ನಡ ಅದರಲ್ಲಿ ಸರಿಯಾಗಿ ಮೂಡುತ್ತದೆ. ಹೆಸರನ್ನು ಟೈಪ್ ಮಾಡಿ, ಮೊದಲು ಆ ಫೈಲನ್ನು ಹಾಗೇ ಉಳಿಸಿಟ್ಟುಕೊಳ್ಳಿ, ಮುಂದೆ ತಿದ್ದಲು ಬೇಕಾಗುತ್ತದೆ. ಆಮೇಲೆ ಇನ್ನೊಂದು ಪ್ರತಿಯಲ್ಲಿ ಪಾತ್ ಮೆನುವಿನ 'ಆಬ್ಜೆಕ್ಟ್ ಟು ಪಾತ್' ಒತ್ತಿ ಅಕ್ಷರಗಳನ್ನು ಆಕೃತಿಯಾಗಿ ಬದಲಿಸಿ, ಗುಂಪು ಬಿಡಿಸಿ, ಬೇಕಾದ ತಿದ್ದುಪಡಿ ಮಾಡಿ, ಕೊನೆಗೆ ಎಲ್ಲವನ್ನೂ ಆಯ್ದು 'ಯೂನಿಯನ್' ಮಾಡಿ, ಅಂದರೆ ಒಂದೇ ಆಕೃತಿಯಾಗಿ ಬೆಸೆಯಿರಿ. ಈ ಯೂನಿಯನ್ ಬಿಟ್ಟರೆ ಮುಂದೆ ಪೆಟ್ಟು ಬೀಳುತ್ತದೆ. ಕನ್ನಡ ಫಾಂಟುಗಳಲ್ಲಿ ಗುಣಿತದ ಗುರುತು ಮೂಲ ಅಕ್ಷರದ ಮೇಲೆ ಸ್ವಲ್ಪ ಹತ್ತಿರುತ್ತದೆ. ಬರೀ ಕಪ್ಪು ಬಣ್ಣದಲ್ಲಿ ಅದು ಕಾಣುವುದಿಲ್ಲ. ಆದರೆ ಸುತ್ತ ಗೆರೆ ಹಾಕಿದಾಗ ಅಥವಾ ವಿನೈಲ್ (ಅಂಟು ಪ್ಲಾಸ್ಟಿಕ್ ಹಾಳೆ) ಕತ್ತರಿಸುವ ಯಂತ್ರಕ್ಕೆ ಕೊಟ್ಟಾಗ ಹತ್ತಿದ ಜಾಗದಲ್ಲೂ ಬ್ಲೇಡು ಓಡುತ್ತದೆ, ಅಕ್ಷರ ನಡುವೆ ತುಂಡಾಗುತ್ತದೆ. ಯೂನಿಯನ್ ಆದ ಮೇಲೆ ಪಿಡಿಎಫ್ ಮಾಡಿ ಕಳಿಸಿ. ಅಂಗಡಿಯವರ ಕೋರೆಲ್ ಎಷ್ಟೇ ಹಳೆಯದಿರಲಿ, ಈಗ ಒಡೆಯಲು ಅದರಲ್ಲಿ ಅಕ್ಷರವೇ ಇಲ್ಲ.

ಟೈಪ್ ಮಾಡುವಾಗಿನ ಎರಡು ಸೂಕ್ಷ್ಮಗಳು. 'ಖಡಕ್ ರೊಟ್ಟಿ'ಯನ್ನು ನಡುವೆ ಜಾಗ ಬಿಡದೆ ಕೂಡಿಸಿ ಬರೆದರೆ 'ಖಡಕ್ರೊಟ್ಟಿ' ಆಗಿಬಿಡುತ್ತದೆ, ಕ್ ಹೋಗಿ ರದ ಒತ್ತು ಬೀಳುತ್ತದೆ. ಕೂಡಿಸಿಯೇ ಬರೆಯಬೇಕಿದ್ದರೆ ಕ್ ಆದ ಮೇಲೆ 'ಶೂನ್ಯ ಅಗಲದ ಬಿಡಿಕೆ' ಎಂಬ ಕಾಣದ ಸಂಕೇತ ಹಾಕಬೇಕು, ಆಗ 'ಖಡಕ್‌ರೊಟ್ಟಿ' ಸರಿಯಾಗಿ ನಿಲ್ಲುತ್ತದೆ. ಎರಡನೆಯದು 'ರೊ'. ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯದಲ್ಲಿ ಎಷ್ಟೋ ಸಲ ಒತ್ವದ ಒಂದೇ ಸಂಕೇತದ ಬದಲು ಎತ್ವ ಮತ್ತು ಕೊಂಬಿನ ದೀರ್ಘ ಎರಡು ಬೇರೆ ಬೇರೆ ಬಂದಿರುತ್ತವೆ. ಕಣ್ಣಿಗೆ ಎರಡೂ ಒಂದೇ, ಆದರೆ ಕೆಲವು ಫಾಂಟುಗಳು ಎರಡನೆಯದನ್ನು ಕಂಡೊಡನೆ ಚುಕ್ಕೆಯ ವೃತ್ತ ಹಾಕುತ್ತವೆ. ಅನುಮಾನ ಬಂದರೆ ಪದವನ್ನು ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಸುಲಭ.

ಈಗ ನಿಮ್ಮ ಹೆಸರನ್ನೇ ಹತ್ತಿರದಿಂದ ನೋಡೋಣ. 'ತವರಿನ ರೊಟ್ಟಿ'ಯಲ್ಲಿ ತ, ವ, ನ ಮೂರಕ್ಕೂ ತಲೆಕಟ್ಟು ಇದೆ. ರಿ ಮತ್ತು ಟ್ಟಿ ಎರಡಕ್ಕೂ ಗುಡಿಸು. ರ ಎರಡು ಸಲ ಬರುತ್ತದೆ. ಕೈಯಲ್ಲಿ ಬರೆದವರ ಮೂರು ತಲೆಕಟ್ಟು ಮೂರು ಥರ ಬೀಳುತ್ತವೆ. ಫಾಂಟು ಮೂರನ್ನೂ ಒಂದೇ ಅಚ್ಚಿನಲ್ಲಿ ಒತ್ತುತ್ತದೆ, ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ, ಯಾಕೆಂದು ಗೊತ್ತಾಗದಿದ್ದರೂ 'ಇದು ಕಂಪ್ಯೂಟರಿಂದು' ಅನ್ನಿಸುತ್ತದೆ. ಕೆಲವು ಒಳ್ಳೆಯ ಫಾಂಟುಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪಗಳಿದ್ದು, ಪಕ್ಕದ ಅಕ್ಷರ ನೋಡಿ ತಾವೇ ಬದಲಾಗುತ್ತವೆ. ಇಲ್ಲದಿದ್ದರೆ ಪಾತ್ ಮಾಡಿದ ಮೇಲೆ ನೀವೇ ಮಾಡಬೇಕು. 'ವ'ದ ತಲೆಕಟ್ಟನ್ನು ಮೂರು ನಾಲ್ಕು ಡಿಗ್ರಿ ತಿರುಗಿಸಿ, 'ನ'ದ್ದನ್ನು ಸುಮಾರು ಇಪ್ಪತ್ತರಲ್ಲಿ ಒಂದು ಭಾಗ ಮೊಟಕು ಮಾಡಿ. ಎರಡನೆಯ ರದ ಬುಡವನ್ನು ಕೂದಲೆಳೆಯಷ್ಟು ಅಗಲಿಸಿ. ಕೊನೆಯ ಗುಡಿಸನ್ನು ಮೊದಲಿನದಕ್ಕಿಂತ ಸ್ವಲ್ಪ ದೊಡ್ಡದು ಮಾಡಿ, ಬರೆಯುವ ಕೈ ಪದದ ಕೊನೆಯಲ್ಲಿ ಸಹಜವಾಗಿ ಬೀಸುತ್ತದೆ. ಇದಕ್ಕಿಂತ ಹೆಚ್ಚು ಕೈಯಾಡಿಸಬೇಡಿ. ಎಲ್ಲ ಅಕ್ಷರವೂ ಕುಣಿದರೆ ಸಾಲು ನಿಲ್ಲುವುದಿಲ್ಲ.

ನಿಜವಾದ ಪರೀಕ್ಷೆ 'ಟ್ಟಿ'ಯ ಒತ್ತಿನಲ್ಲಿದೆ. ಟ ಒತ್ತು ಟದ್ದೇ ಪುಟ್ಟ ರೂಪ. ಅವಸರದಲ್ಲಿ ಮಾಡಿದ ಫಾಂಟುಗಳಲ್ಲಿ ಮೂಲ ಟವನ್ನು ಅರ್ಧಕ್ಕೆ ಕುಗ್ಗಿಸಿ ಕೆಳಗೆ ಇಟ್ಟಿರುತ್ತಾರೆ. ಅಕ್ಷರದ ಜೊತೆ ಗೆರೆಯ ದಪ್ಪವೂ ಅರ್ಧವಾಗುತ್ತದೆ. ಮೇಲಿನ ಟ ಎರಡು ಇಂಚಿನ ಬ್ರಷ್‌ನಲ್ಲಿ, ಕೆಳಗಿನದು ಒಂದಿಂಚಿನದರಲ್ಲಿ ಬರೆದಂತೆ ಕಾಣುತ್ತದೆ. ಬರೆಯುವವರು ಒತ್ತಿಗೆಂದು ಬ್ರಷ್ ಬದಲಾಯಿಸುವುದಿಲ್ಲ, ಒತ್ತುವ ಭಾರ ಮಾತ್ರ ಕಡಿಮೆ ಮಾಡುತ್ತಾರೆ. ಒತ್ತಿನ ಗೆರೆ ಮೂಲ ಗೆರೆಯ ಮುಕ್ಕಾಲು ಭಾಗದಷ್ಟಾದರೂ ದಪ್ಪ ಇರಬೇಕು. ಇಂಕ್‌ಸ್ಕೇಪ್‌ನಲ್ಲಿ ಒತ್ತನ್ನು ಮಾತ್ರ ಆಯ್ದು 'ಔಟ್‌ಸೆಟ್' ಒಂದೆರಡು ಸಲ ಒತ್ತಿದರೆ ಗೆರೆ ದಪ್ಪವಾಗುತ್ತದೆ, ಒಳಗಿನ ಕಂಡಿ ಮುಚ್ಚದಂತೆ ನೋಡಿಕೊಳ್ಳಿ. ಆಮೇಲೆ ಒತ್ತನ್ನು ಮೂಲ ಅಕ್ಷರಕ್ಕೆ ತುಸು ಹತ್ತಿರ ಸರಿಸಿ. ನಡುವಿನ ಸಂದು ಗೆರೆಯ ದಪ್ಪದ ಅರ್ಧಕ್ಕಿಂತ ಹೆಚ್ಚಿದ್ದರೆ ಒತ್ತು ಅನಾಥವಾಗಿ ಕಾಣುತ್ತದೆ.

ಮಾಡಬಾರದ್ದು ಕೆಲವಿವೆ. ಬೋಲ್ಡ್ ಗುಂಡಿ ಒತ್ತಬೇಡಿ: ಒಂದೇ ತೂಕದ ಫಾಂಟಿಗೆ ಸಾಫ್ಟ್‌ವೇರು ಎಲ್ಲ ಕಡೆ ಸಮವಾಗಿ ಗೆರೆ ಹಚ್ಚುತ್ತದೆ, ಚೂಪು ತುದಿಗಳು ಮೊಂಡಾಗಿ ಕಂಡಿಗಳು ಮುಚ್ಚುತ್ತವೆ. ಜಾಗ ತುಂಬಲೆಂದು ಅಡ್ಡಕ್ಕೆ ಎಳೆಯಬೇಡಿ: ಅಡ್ಡ ಗೆರೆ ಹಾಗೇ ಉಳಿದು ನಿಂತ ಗೆರೆ ಮಾತ್ರ ದಪ್ಪವಾಗುತ್ತದೆ, ಬ್ರಷ್‌ನ ನ್ಯಾಯ ಕೆಡುತ್ತದೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಆಯ್ಕೆಯನ್ನೂ ಮುಟ್ಟಬೇಡಿ. ಕನ್ನಡದಲ್ಲಿ ಅದು ಅಕ್ಷರಗಳ ನಡುವೆ ಮಾತ್ರ ಜಾಗ ಬಿಡುವುದಿಲ್ಲ, 'ರೊ'ದ ಕೊಂಬಿನ ದೀರ್ಘವನ್ನು ರದಿಂದ, ಒತ್ತನ್ನು ಟದಿಂದ ದೂರ ಮಾಡುತ್ತದೆ. ಬಿಳಿ ಗೆರೆ, ಅದರ ಸುತ್ತ ಕೆಂಪು ಗೆರೆ, ಅದಕ್ಕೊಂದು ನೆರಳು ಎಂದು ಮೂರು ಪದರ ಸುತ್ತುವುದು ನಮ್ಮ ಕಡೆಯ ಬ್ಯಾನರುಗಳ ರೂಢಿ. ಬ್ರಷ್ ಅಕ್ಷರಕ್ಕೆ ಅದು ವಿಷ, ತುದಿಯ ಚೂಪು, ಒರಟು ಎಲ್ಲ ಅದರಡಿ ಹೂತುಹೋಗುತ್ತದೆ. ಹಿನ್ನೆಲೆಯಿಂದ ಬಿಡಿಸಲು ಒಂದು ಗೆರೆ ಬೇಕೇಬೇಕೆಂದರೆ ಅದನ್ನು ಅಕ್ಷರದ ಹಿಂದೆ ಇರಿಸಿ. ಕೋರೆಲ್‌ನಲ್ಲಿ 'ಬಿಹೈಂಡ್ ಫಿಲ್' ಎಂಬ ಆಯ್ಕೆ ಇರುವುದು ಇದಕ್ಕೇ. ಮುಂದೆ ಬಿಟ್ಟರೆ ಗೆರೆಯ ಅರ್ಧ ಅಕ್ಷರವನ್ನೇ ತಿನ್ನುತ್ತದೆ.

ಬೋರ್ಡಿನ ಅಳತೆಗೆ ಬರೋಣ. ಬೋರ್ಡ್ ಕೆಲಸದ ಸಾಮಾನ್ಯ ಲೆಕ್ಕ, ಚೆನ್ನಾಗಿ ಓದಿಸಬೇಕಾದ ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಇದು ಸಾದಾ ಇಂಗ್ಲಿಷ್ ಅಕ್ಷರಕ್ಕೆ ಹೇಳಿದ್ದು. ಕನ್ನಡದ ಬ್ರಷ್ ಬರಹಕ್ಕೆ ಅದರ ಒಂದೂವರೆ ಪಟ್ಟು ಹಿಡಿಯಿರಿ, ಅದೂ ಗುಡಿಸು, ಒತ್ತು ಬಿಟ್ಟು ಮೂಲ ಅಕ್ಷರದ ಎತ್ತರಕ್ಕೆ. 60 ಅಡಿ ದೂರದಿಂದ, ಅಂದರೆ ರಸ್ತೆಯ ಆಚೆ ಬದಿಯಿಂದ ಓದಬೇಕಿದ್ದರೆ 9 ಇಂಚು. ಬೋರ್ಡು 8 ಅಡಿ ಅಗಲ, 3 ಅಡಿ ಎತ್ತರ ಎಂದುಕೊಳ್ಳೋಣ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿ ಇರಬೇಕು ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. 36 ಇಂಚಿನಲ್ಲಿ ಅದು 21.6 ಇಂಚು. ಮೂಲ ಅಕ್ಷರ 9 ಇಂಚಾದರೆ ಮೇಲಿನ ಗುಡಿಸಿಗೆ ಸುಮಾರು 3, ಕೆಳಗಿನ ಒತ್ತಿಗೆ ನಾಲ್ಕೂವರೆ, ಒಟ್ಟು ಹದಿನಾರೂವರೆ. ಮೇಲೆ ಕೆಳಗೆ ಉಸಿರಾಡಲು ಸುಮಾರು ಐದು ಇಂಚು ಉಳಿಯಿತು. ಅಗಲದಲ್ಲಿ ನಿಮ್ಮ ಹೆಸರು ಮೂಲ ಅಕ್ಷರದ ಎತ್ತರದ ಏಳೂವರೆ ಪಟ್ಟು ಹಿಡಿಯುತ್ತದೆ, ಅಂದರೆ 67–68 ಇಂಚು. 96ರಲ್ಲಿ ಎರಡು ಬದಿಗೂ 14 ಇಂಚು ಖಾಲಿ. ಇದು ಫಾಂಟಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಖಾಲಿ ಜಾಗ ಕಂಡೊಡನೆ ಅಲ್ಲೊಂದು ರೊಟ್ಟಿಯ ಫೋಟೊ, ಇಲ್ಲೊಂದು ದೇವರ ಚಿತ್ರ ಇಡುವ ಆಸೆ ತಡೆಯಿರಿ. ಬ್ರಷ್ ಅಕ್ಷರದ ಅಂಚು ಕಾಣುವುದೇ ಸುತ್ತಲಿನ ಖಾಲಿಯಿಂದ.

ಬೋರ್ಡನ್ನು ಯಾವುದರಲ್ಲಿ ಮಾಡಿಸಬೇಕು? ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಅದಿರಲಿ, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಅಚ್ಚಿನ ಕೆಂಪು, ಹಳದಿ ಮೊದಲು ಹಾರಿ ಹೋಗಿ ಬೋರ್ಡು ನೀಲಿಗಟ್ಟುತ್ತದೆ. ಹೆಸರು ಎರಡೇ ಪದವಾದ್ದರಿಂದ ನನ್ನ ಸಲಹೆ, ಜಿಐ ಶೀಟಿನ (ಸತು ಲೇಪಿಸಿದ ಕಬ್ಬಿಣದ ತಗಡಿನ) ಮೇಲೆ ಪೇಂಟರ್ ಕೈಯಲ್ಲಿ ಎನಾಮಲ್‌ನಿಂದ ಬರೆಸಿ. ಬ್ರಷ್ ಬರಹದ ಫಾಂಟು ಅನುಕರಿಸುವುದು ಅವರ ಕೈಯನ್ನೇ. ಮೂಲ ನಮ್ಮೂರಲ್ಲಿ ಸಿಗುವಾಗ ಬೋರ್ಡಿಗೆ ನಕಲು ಯಾಕೆ? ಫಾಂಟು ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ನೀವು ತಿದ್ದಿದ ಹೆಸರನ್ನು ಪೂರ್ಣ ಅಳತೆಯಲ್ಲಿ ತೆಳು ಕಾಗದದ ಮೇಲೆ ತುಂಡು ತುಂಡಾಗಿ ಮುದ್ರಿಸಿ ಅಂಟಿಸಿ, ಅಂಚಿನುದ್ದಕ್ಕೂ ಅರ್ಧ ಇಂಚಿಗೊಂದರಂತೆ ಸೂಜಿಯಿಂದ ತೂತು ಮಾಡಿ. ಕಾಗದವನ್ನು ಶೀಟಿನ ಮೇಲೆ ಟೇಪು ಹಚ್ಚಿ ನಿಲ್ಲಿಸಿ, ಸೀಮೆಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೆಲ್ಲಗೆ ಬಡಿದರೆ ಚುಕ್ಕೆ ಚುಕ್ಕೆಯಾಗಿ ರೂಪ ಇಳಿಯುತ್ತದೆ. ಹಿನ್ನೆಲೆ ತಿಳಿ ಬಣ್ಣದ್ದಿದ್ದರೆ ಸುಣ್ಣದ ಬದಲು ಇದ್ದಿಲ ಪುಡಿ. ಪೇಂಟರ್ ಅದನ್ನು ಗಡಿಯಾಗಿ ತುಂಬಿಸುವುದು ಬೇಡ, ದಾರಿಯಾಗಿ ಹಿಡಿದು ಒಂದೇ ಎಳೆತದಲ್ಲಿ ಬರೆಯಲಿ ಎಂದು ಮೊದಲೇ ಹೇಳಿ.

ಜಿಐ ಶೀಟಿಗೆ ಅದಕ್ಕೆಂದೇ ಇರುವ ಪ್ರೈಮರ್ ಹೊಡೆಯದೆ ನೇರ ಎನಾಮಲ್ ಹಚ್ಚಿದರೆ ಬಣ್ಣ ಪೊರೆಯಾಗಿ ಏಳುತ್ತದೆ, ಸತುವಿನ ಮೇಲೆ ಅದು ಕಚ್ಚುವುದಿಲ್ಲ. ಪ್ರೈಮರ್ ಒಂದು ಕೋಟು, ಹಿನ್ನೆಲೆ ಬಣ್ಣ ಎರಡು ಕೋಟು, ನಡುವೆ ಒಂದೊಂದು ದಿನ ಒಣಗಲು ಬಿಟ್ಟು, ಆಮೇಲೆ ಬರಹ. ಕೆನೆ ಬಣ್ಣದ ಮೇಲೆ ಇಟ್ಟಿಗೆ ಕೆಂಪು ಒಳ್ಳೆಯ ಜೋಡಿ, ಕಬ್ಬಿಣದ ಆಕ್ಸೈಡಿನ ಕೆಂಪು ಬಿಸಿಲಿಗೆ ಬೇಗ ಮಾಸುವುದಿಲ್ಲ. ಬಿಳಿಯ ಮೇಲೆ ಹಳದಿ, ಹಸಿರಿನ ಮೇಲೆ ಕೆಂಪು ಬೇಡ. ವಿನೈಲ್ ಅಂಟಿಸುವುದೇ ಆದರೆ ಒರಟು ಅಂಚಿನ, ಕೂದಲು ಬಿಟ್ಟ ರೂಪ ಕೊಡಬೇಡಿ. ಅದರಲ್ಲಿ ಸಾವಿರಾರು ಬಿಂದುಗಳಿರುತ್ತವೆ, ಬ್ಲೇಡು ತಡವರಿಸುತ್ತದೆ, ಎರಡು ಮಿಲಿಮೀಟರಿಗಿಂತ ಸಣ್ಣ ಚೂರುಗಳು ಧೂಳು ಹತ್ತಿ ಎದ್ದು ಬರುತ್ತವೆ. ಇಂಕ್‌ಸ್ಕೇಪ್‌ನ 'ಸಿಂಪ್ಲಿಫೈ' ಒಮ್ಮೆ ಒತ್ತಿ ಅಂಚು ನಯ ಮಾಡಿ ಕೊಡಿ.

ಉರ್ದುವಿನ ವಿಚಾರದಲ್ಲಿ ನಿಮಗೆ ಒಂದು ಸಹಜ ಅನುಕೂಲವಿದೆ. ಉರ್ದುವಿನ ನಸ್ತಾಲೀಕ್ ಶೈಲಿಯ ಬರಹದಲ್ಲಿ ಪ್ರತಿ ಪದವೂ ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿಯುತ್ತದೆ. ಎಡದಿಂದ ನೋಡಿದವರ ಕಣ್ಣಿಗೆ ಅದು ಏರು. ಕನ್ನಡದ ಹೆಸರನ್ನು ಬಲಕ್ಕೆ ನಾಲ್ಕು ಡಿಗ್ರಿ ಏರಿಸಿ ಬರೆದರೆ ಎರಡೂ ಒಂದೇ ದಿಕ್ಕಿಗೆ ಓಲುತ್ತವೆ. ಉರ್ದುವಿಗೆ ಬೇರೆ ಅಲಂಕಾರದ ಫಾಂಟು ಹುಡುಕಬೇಡಿ, ನಸ್ತಾಲೀಕ್‌ನಲ್ಲಿ ಈಗಾಗಲೇ ಕಲಮಿನ ದಪ್ಪ–ತೆಳು ಇದೆ. ಉಚಿತವಾದದ್ದು ಬೇಕಿದ್ದರೆ 'ನೋಟೊ ನಸ್ತಾಲೀಕ್ ಉರ್ದು'. ಎತ್ತರ ಮಾತ್ರ ಧಾರಾಳ ಬಿಡಿ, ಇಳಿಯುವ ಪದಕ್ಕೆ ಕಿರಿದಾದ ಪಟ್ಟಿ ಕೊಟ್ಟರೆ ಅಕ್ಷರ ತೀರಾ ಸಣ್ಣದಾಗುತ್ತದೆ. ಇಂಗ್ಲಿಷನ್ನು ಸಾದಾ ದಪ್ಪಕ್ಷರದಲ್ಲಿ, ಚಿಕ್ಕದಾಗಿ, ನೇರವಾಗಿ ಇಡಿ. ಮೂರೂ ಬ್ರಷ್ ಬರಹವಾದರೆ ಯಾವುದೂ ಎದ್ದು ಕಾಣುವುದಿಲ್ಲ. ಎರಡೂ ಲಿಪಿ ಬಲ್ಲ ಪೇಂಟರ್ ಸಿಕ್ಕರೆ ಒಂದೇ ಕೈಯಲ್ಲಿ ಎರಡನ್ನೂ ಬರೆಸಿ, ಜೋಡಣೆ ತಾನಾಗಿ ಕೂಡುತ್ತದೆ.

ಲೇಬಲ್ ಯಾಕೆ ಮುದ್ದೆಯಾಯಿತು? ಕಾಗದದ ಮೇಲೆ ಶಾಯಿ ಪ್ರತಿ ಅಂಚಿನಲ್ಲೂ ಸ್ವಲ್ಪ ಹರಡುತ್ತದೆ, ಖಾಕಿ ಕಾಗದದಲ್ಲಿ ಇನ್ನೂ ಹೆಚ್ಚು. ಬೋರ್ಡಿನ ರೂಪವನ್ನೇ ಕುಗ್ಗಿಸಿದರೆ ಒತ್ತಿನ ಒಳಗಂಡಿ ಅರ್ಧ ಮಿಲಿಮೀಟರಿಗಿಂತ ಕಿರಿದಾಗುತ್ತದೆ, ಎರಡು ಕಡೆಯಿಂದ ಹರಿದ ಶಾಯಿ ಅದನ್ನು ತುಂಬುತ್ತದೆ. ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಮಾಡಿದರೆ ತಿರುಗುಮುರುಗು: ಗೆರೆಯ ತೆಳು ತುದಿಗಳೇ ಅಳಿಸಿಹೋಗುತ್ತವೆ. 100 ಮಿಲಿಮೀಟರ್ ಅಗಲದ ಲೇಬಲ್ಲಿನಲ್ಲಿ ನಿಮ್ಮ ಹೆಸರು ಒಂದೇ ಸಾಲಿನಲ್ಲಿ 11 ಮಿಲಿಮೀಟರ್ ಎತ್ತರಕ್ಕೆ ಕೂರುತ್ತದೆ, ಅದು ಸಾಕು. 6 ಮಿಲಿಮೀಟರಿಗಿಂತ ಕೆಳಗೆ ಬ್ರಷ್ ಅಕ್ಷರ ಬೇಡವೇ ಬೇಡ. ಲೇಬಲ್ಲಿಗೆಂದೇ ಇನ್ನೊಂದು ಪ್ರತಿ ಮಾಡಿ: ಒರಟು ಅಂಚು ತೆಗೆದು, ಒತ್ತಿನ ಕಂಡಿಯನ್ನು ಬೇಕೆಂದೇ ಅಗಲಿಸಿ, ಒತ್ತನ್ನು ಮೂಲ ಅಕ್ಷರದಿಂದ ಸ್ವಲ್ಪ ದೂರ ಇಟ್ಟು. ಪರದೆಯ ಮೇಲೆ ಅದು ಸಡಿಲವಾಗಿ ಕಾಣುತ್ತದೆ, ಅಚ್ಚಾದ ಮೇಲೆ ಸರಿಹೋಗುತ್ತದೆ.

ಉತ್ಪನ್ನದ ಹೆಸರು ಅನೇಕ್‌ನ ದಪ್ಪ ತೂಕದಲ್ಲಿ 16 ಪಾಯಿಂಟು, ಉಳಿದ ಕನ್ನಡ 8 ಪಾಯಿಂಟಿಗೆ ಕಡಿಮೆ ಬೇಡ. ಸಾಲುಗಳ ನಡುವಿನ ಅಂತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಸಂಖ್ಯೆ, ತೂಕ, ದರ, ತಯಾರಿಸಿದ ದಿನಾಂಕ ಸಾದಾ ಅಂಕಿಯಲ್ಲೇ ಬರಲಿ. ಆಹಾರದ ಪ್ಯಾಕೆಟ್ ಮೇಲೆ ಕಾನೂನು ಕೇಳುವ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು, ಜೊತೆಗೆ ಕನ್ನಡ ಧಾರಾಳವಾಗಿ ಹಾಕಬಹುದು. ಎರಡಕ್ಕೂ ಜಾಗ ಮೊದಲೇ ಬಿಟ್ಟುಕೊಂಡು ಉಳಿದದ್ದರಲ್ಲಿ ಹೆಸರನ್ನು ಕೂರಿಸಿ.

ರೇಟ್ ಕಾರ್ಡಿನಲ್ಲಿ 'ಹಿಂಡಿ' ಎರಡು ಸಲ, 'ರೊಟ್ಟಿ' ಮೂರು ಸಲ ಬರುತ್ತದೆ. ಒಂದರ ಕೆಳಗೊಂದು ಅದೇ ಬ್ರಷ್ ರೂಪ ನಿಂತರೆ ರಬ್ಬರ್ ಸ್ಟಾಂಪು ಒತ್ತಿದ ಹಾಗೆ. ಅಲ್ಲಿ ತಲೆಬರಹ ಮಾತ್ರ ಬ್ರಷ್ ಬರಹ, ಪಟ್ಟಿಯೆಲ್ಲ ಸಾದಾ. ವಾಟ್ಸ್ಆ್ಯಪ್ ಚಿತ್ರಕ್ಕೆ 1080 ಚುಕ್ಕೆಯ (ಪಿಕ್ಸೆಲ್) ಚೌಕದಲ್ಲಿ ಹೆಸರಿನ ಮೂಲ ಅಕ್ಷರ 100 ಚುಕ್ಕೆ ಎತ್ತರ ಇದ್ದರೆ ಸಣ್ಣ ಫೋನಿನಲ್ಲೂ ಓದಿಸುತ್ತದೆ. ಅಂಗಡಿಗೆ ಕಳಿಸುವ ಫೈಲನ್ನು ಮಾತ್ರ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಅಂಚು ಮಸುಕು ಮಾಡುತ್ತದೆ.

ಅಚ್ಚಿಗೆ ಹೋಗುವ ಮುನ್ನ ಲೇಬಲ್ಲನ್ನು ನಿಜ ಅಳತೆಯಲ್ಲಿ ಸಾದಾ ಪ್ರಿಂಟರಿನಲ್ಲಿ ತೆಗೆದು, ಓದು ಬಲ್ಲ ಆದರೆ ಹೆಸರು ಮೊದಲೇ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಜೋರಾಗಿ ಓದಿಸಿ. ಬೋರ್ಡಿನದಾದರೆ 'ಟ್ಟಿ' ಒಂದನ್ನೇ ಪೂರ್ಣ ಅಳತೆಯಲ್ಲಿ ಮುದ್ರಿಸಿ, ಅಂಗಡಿಯ ಮುಂದೆ ಹಿಡಿಸಿ, ರಸ್ತೆ ದಾಟಿ ನಿಂತು ಮಧ್ಯಾಹ್ನ 12ರ ಬಿಸಿಲಿನಲ್ಲಿ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ. ಒತ್ತು ಎರಡೂ ಹೊತ್ತು ಬಿಡಿಯಾಗಿ ಕಂಡರೆ ಶೀಟಿಗೆ ಪ್ರೈಮರ್ ಹಚ್ಚಲು ಹೇಳಿ.